ರೋಮಿನ ಸ್ನಾನಗೃಹದಲ್ಲಿ ಅಮ್ಮ ನಡೆದದ್ದು

ಅಮ್ಮ ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುತ್ತಿದ್ದಳು. ನಾನೂ ಅವಳ ತರಗತಿಯಲ್ಲೇ ಕೂತು ಓದಿದವಳು. ರೋಮನ್ನರ ಸ್ನಾನಗೃಹಗಳ ಪಾಠ ಬಂದರೆ ಪುಸ್ತಕ ಮುಚ್ಚಿಟ್ಟು ಬೋರ್ಡಿನ ತುಂಬ ನಕ್ಷೆ ಬರೆಯುತ್ತಿದ್ದಳು: ಬಿಸಿನೀರಿನ ಕೋಣೆ, ಉಗುರುಬೆಚ್ಚಗಿನ ಕೋಣೆ, ತಣ್ಣೀರಿನ ಕೊಳ, ನೆಲದಡಿಯಲ್ಲಿ ಉರಿಯುವ ಒಲೆಗಳು. ಊರಿಗೆ ಊರೇ ಬಂದು ಮೀಯುತ್ತಿತ್ತು ಎಂದಾಗ ನಾವೆಲ್ಲ ಬಾಯಿಬಿಟ್ಟು ಕೇಳುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆಗೆ ಅವಳಿಗೆ ಪಾರ್ಶ್ವವಾಯು ಬಡಿಯಿತು. ಮಾತು ಬೇಗ ಮರಳಿತು, ಎಡಗಾಲು ಮರಳಲಿಲ್ಲ. ಶಾಲೆ ಬಿಟ್ಟಳು. ವರಾಂಡದ ಕುರ್ಚಿಯೇ ಅವಳ ಜಾಗವಾಯಿತು.

ಕೆಲವು ವರ್ಷಗಳ ಮೇಲೆ ನನ್ನ ಗಂಡನನ್ನು ಕಾರ್ಖಾನೆಯವರು ತರಬೇತಿಗೆಂದು ರೋಮಿಗೆ ಕಳಿಸಿದರು. ಬೇಸಿಗೆಯಲ್ಲಿ ನಾನೂ ಹೊರಡುವುದೆಂದಾಯಿತು. ಆ ಸುದ್ದಿ ಹೇಳಿದ ದಿನ ಸೋದರಮಾವ ಮನೆಯಲ್ಲಿದ್ದರು.

"ನಾನೂ ಬರ್ತೀನಿ ಕಣೇ," ಎಂದಳು ಅಮ್ಮ.

ಮಾವ ನಕ್ಕುಬಿಟ್ಟರು. "ಗೇಟಿನ ತನಕ ಹೋಗೋಕಾಗಲ್ಲ ನಿನ್ ಕೈಲಿ. ರೋಮ್ ಅಂತೆ!"

"ಬೇಸಿಗೆಗೆ ಇನ್ನೂ ಟೈಮಿದೆ ಅಣ್ಣ. ಅಷ್ಟರಲ್ಲಿ ನಡೀತೀನಿ."

ಮರುದಿನ ಬೆಳಿಗ್ಗೆಯೇ ನನ್ನ ತೋಳು ಹಿಡಿದು ಗೇಟಿನ ತನಕ ಹೋದಳು. ಬೆವೆತು, ಹಲ್ಲುಕಚ್ಚಿ, ವಾಪಸು ಬಂದಳು. ಆಮೇಲೆ ಬೀದಿಯ ತುದಿ. ಒಮ್ಮೆ ಬಿದ್ದು ಮೊಣಕೈ ತರಚಿಕೊಂಡಳು, ವಾರ ಕಳೆದು ಮತ್ತೆ ಎದ್ದಳು. ಯುಗಾದಿಯ ಹೊತ್ತಿಗೆ ಕೋಲೂರಿಕೊಂಡು ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ನಿಂತಿದ್ದಳು. ಮಾವನೇ ಪಾಸ್‌ಪೋರ್ಟ್ ಕೆಲಸಕ್ಕೆ ಓಡಾಡಿದರು.

ರೋಮಿನ ಹಳೆಯ ಸ್ನಾನಗೃಹವೊಂದರ ಅವಶೇಷಗಳೆದುರು ನಾನು ದಂಗಾದೆ. ನಮ್ಮ ಬೀದಿಯ ಮನೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಎದ್ದ ಇಟ್ಟಿಗೆ ಗೋಡೆಗಳು. ಚಾವಣಿಯಿರಬೇಕಾದಲ್ಲಿ ಬರೀ ಆಕಾಶ. ಬಿಸಿಲು ಸುಡುತ್ತಿತ್ತು. "ಇಲ್ಲೇ ನೆರಳಲ್ಲಿ ಕೂತ್ಕೋಮ್ಮ, ಇಲ್ಲಿಂದ್ಲೇ ಕಾಣತ್ತೆ," ಎಂದೆ.

"ಕೂತ್ಕೊಳೋಕೆ ಬಂದಿದೀನಾ?"

ಹತ್ತಿ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟಿದ್ದ ಅಮ್ಮ ಮುಂದೆ ನಡೆದಳು, ನಾನೂ ನನ್ನ ಗಂಡನೂ ಹಿಂದೆ. ನೀರಿಲ್ಲದ ದೊಡ್ಡ ಕೊಳದ ಬಳಿ ನಿಂತು, "ಇದು ತಣ್ಣೀರಿಂದು. ಹಾಗಾದ್ರೆ ಬಿಸಿನೀರಿನ ಕೋಣೆ ಆ ಕಡೆ ಇರಬೇಕು, ಬಿಸಿಲು ಬೀಳೋ ಕಡೆ," ಎಂದಳು. ಹೋಗಿ ನೋಡಿದರೆ ಫಲಕದಲ್ಲಿ ಹಾಗೆಯೇ ಬರೆದಿತ್ತು. ಕಪ್ಪುಬಿಳಿ ಕಲ್ಲುಚೂರುಗಳನ್ನು ಜೋಡಿಸಿದ ನೆಲ ಇನ್ನೂ ಮಾಸಿರಲಿಲ್ಲ. ಬಗ್ಗಿ ಅದನ್ನು ನೋಡುತ್ತ ಅವಳು ಜೋರಾಗಿ ನಕ್ಕಳು. ಕಾಯಿಲೆ ಬಿದ್ದ ಮೇಲೆ ಆ ನಗು ನಾನು ಕೇಳಿರಲಿಲ್ಲ. ನನಗೆ ಕಣ್ಣು ತುಂಬಿತು.

ಕೋಣೆ ಕೋಣೆ ಬಿಡದೆ ಸುತ್ತಿಸಿದಳು. ಸೋತು ಕಲ್ಲಿನ ಮೇಲೆ ಕೂತದ್ದು ನನ್ನ ಗಂಡ.

ಹೊರಗೆ ಬಂದಾಗ ಅವರು ಟ್ಯಾಕ್ಸಿಗೆ ಕೈ ಎತ್ತಿದರು. ಅಮ್ಮ ತಡೆದಳು.

"ಟ್ಯಾಕ್ಸಿ ಯಾಕೆ? ಬಸ್ ಬರಲ್ವಾ ಇಲ್ಲಿ?"