ಎರಡು ಸಲ ಒತ್ತಬೇಕಾದ ಬ್ರೇಕ್

ಸುಂದರಣ್ಣ, ಆ ಕಾರಿನ ಬ್ರೇಕ್ ಸರಿಯಿಲ್ಲವೆಂದು ನನಗೆ ಗೊತ್ತಿತ್ತು. ನೀವು ಅದನ್ನು ಕೊಳ್ಳುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ "ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಎಂದು ಹೇಳಿದವಳು ನಾನು.

ಈ ಮಾತನ್ನು ಆರು ವರ್ಷಗಳಲ್ಲಿ ಎಷ್ಟೋ ಸಲ ನಿಮ್ಮ ಬಾಗಿಲ ತನಕ ಹೊತ್ತು ತಂದಿದ್ದೇನೆ. ಜಲಜಕ್ಕ ಕೊಟ್ಟ ಕಾಫಿ ಕುಡಿದು, ಅದನ್ನು ಹಾಗೇ ಮೂರನೆಯ ಮಹಡಿಗೆ ವಾಪಸು ಒಯ್ದಿದ್ದೇನೆ. ಬಾಯಲ್ಲಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಮೊದಲ ಕಾರು ಕೊಳ್ಳಲು ಹೊರಟಾಗ, ಗ್ಯಾರೇಜಿನ ಉಸ್ತಾದನನ್ನು ಜೊತೆಗೆ ಕರೆದುಕೊಂಡು ಹೋಗಿ ಎಂದು ಜಲಜಕ್ಕ ಹೇಳಿದ್ದರು. ನೀವು ನಕ್ಕುಬಿಟ್ಟಿರಿ. "ಮೇಲಿನ ಮನೆಯಲ್ಲೇ ಇಂಜಿನಿಯರ್ ಇದ್ದಾರೆ, ಗ್ಯಾರೇಜಿನವ ಎಂತಕ್ಕೆ? ಭಟ್ರು ಚಾವಡಿಯಲ್ಲಿ ಕೂತಿರುವಾಗ ಮುಹೂರ್ತ ಕೇಳ್ಲಿಕ್ಕೆ ಪೇಟೆಗೆ ಹೋಗ್ತಾರಾ?" ನಮ್ಮ ಬಿಲ್ಡಿಂಗಿನ ಕನ್ನಡದವರೆಲ್ಲರ ಲೆಕ್ಕಾಚಾರವೂ ಅದೇ ಆಗಿತ್ತು. ಜ್ವರ ಬಂದರೆ ನರ್ಸಿಂಗ್ ಓದಿದವಳನ್ನು ಕೇಳುವುದು, ಬ್ಯಾಂಕಿನ ಕಾಗದ ಬಂದರೆ ಕಾಮರ್ಸ್ ಓದಿದವನಿಗೆ ತೋರಿಸುವುದು, ಹಳೆಯ ಗಾಡಿ ನೋಡಲು ಮೆಕ್ಯಾನಿಕಲ್ ಓದಿದ ವಸುಧಮ್ಮ.

ಮೈಸೂರಿನ ಕಾಲೇಜಿನಲ್ಲಿ ನಾನು ಮೆಕ್ಯಾನಿಕಲ್ ಓದಿದ್ದು ನಿಜ. ಆದರೆ ಅಲ್ಲಿ ಸ್ಪ್ಯಾನರ್ ಹಿಡಿದದ್ದು ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮಾತ್ರ. ಮುಂಬೈಗೆ ಬಂದ ಮೇಲೆ ನನ್ನ ಕೆಲಸವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಯಾವ ಪಂಪು ಯಾವ ಊರಿಗೆ ಹೋಗಬೇಕೆಂದು ಪಟ್ಟಿ ಮಾಡುವುದು. ಬ್ರೇಕಿನೊಳಗಿನ ಎಣ್ಣೆಯ ಒತ್ತಡದ ಬಗ್ಗೆ ಪುಟಗಟ್ಟಲೆ ಬರೆಯಬಲ್ಲೆನಾದರೂ ಬ್ರೇಕನ್ನು ಬಿಚ್ಚಿ ನೋಡಿದವಳಲ್ಲ. ಅದನ್ನು ಆವತ್ತೇ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ - ನೀವು "ಇಂಜಿನಿಯರ್" ಎಂದು ಕರೆಯುವಾಗ ನನಗೆ ಹಿತವಾಗುತ್ತಿತ್ತು.

ಹಳೆಯ ಕಾರು ಮಾರುವ ಆ ಯಾರ್ಡಿನ ಮಾಲೀಕ ನಿಮ್ಮೊಡನೆ ಮಾತ್ರ ಮಾತಾಡುತ್ತಿದ್ದ. ಇಂಜಿನ್, ಟೈರು, ಮೈಲೇಜು - ಎಲ್ಲ ನಿಮಗೆ. ನನಗೆ ಒಂದು ಕುರ್ಚಿ ತೋರಿಸಿ, ಚಹಾ ತರಿಸಿ, ಸೀಟಿನ ಬಣ್ಣ ಹೇಗಿದೆ ಎಂದು ಕೇಳಿದ. ತರಗತಿಯಲ್ಲಿ ಒಬ್ಬಳೇ ಹುಡುಗಿಯಾಗಿ ನಾಲ್ಕು ವರ್ಷ ಕುಳಿತಿದ್ದವಳ ಸಿಟ್ಟೆಲ್ಲ ಆಗ ಎದ್ದುಬಂತು. ಕೀ ಕೊಡಿ, ನಾನೇ ಓಡಿಸಿ ನೋಡುತ್ತೇನೆ ಎಂದೆ. ಅವನು ನನ್ನ ಪಕ್ಕದಲ್ಲಿ ಕುಳಿತ. ನೀವು ಗೇಟಿನ ಬಳಿ ನಿಂತು ಕೈ ಬೀಸಿದಿರಿ.

ಯಾರ್ಡಿನ ಹಿಂದಿನ ರಸ್ತೆಯ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ನನ್ನ ಪಾದದ ಕೆಳಗೆ ಮೆಲ್ಲಗೆ ಇಳಿಯಿತು - ಒದ್ದೆ ಮಣ್ಣಿನಲ್ಲಿ ಕಾಲು ಹೂತುಹೋಗುವ ಹಾಗೆ. ಕಾರು ನಿಂತಿತು, ಆದರೆ ನಾನು ಅಂದುಕೊಂಡ ಜಾಗದಲ್ಲಿ ಅಲ್ಲ. ಆ ಮನುಷ್ಯ, ಅದೇನು ಕಂಡಿತೋ ನನ್ನ ಮುಖದಲ್ಲಿ, ತಾನಾಗಿಯೇ ಹೇಳಿದ: "ಮೇಡಂ, ಪೆಡಲ್ ಥೋಡಾ ನೀಚೆ ಜಾತಾ ಹೈ. ದೋ ಬಾರ್ ದಬಾನಾ." ಸ್ವಲ್ಪ ಕೆಳಗಿಳಿಯುತ್ತದೆ, ಎರಡು ಸಲ ಒತ್ತಬೇಕು. ಆಮೇಲೆ ಸಣ್ಣಗೆ ನಕ್ಕು, "ಸಮಝ್ ಮೇ ಆಯಾ?" ಎಂದ, ಅರ್ಥವಾಯಿತಾ ಎಂದು.

ಆ ನಗು. ನಾನು "ಮಾಲೂಮ್ ಹೈ" ಎಂದೆ, ಗೊತ್ತಿದೆ ಎಂದು.

ಅಷ್ಟೇ ಆದದ್ದು. ಯಾಕೆ ಇಳಿಯುತ್ತದೆ ಎಂದು ಕೇಳಿದ್ದರೆ ನನಗೆ ತಿಳಿಯದೆಂದು ಒಪ್ಪಿಕೊಂಡಂತಾಗುತ್ತಿತ್ತು. ಗೇಟಿಗೆ ಮರಳಿ ಬಂದೆ. ನೀವು ಮಗುವಿನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದಿರಿ. ಅವನ ಎದುರಿಗೇ, ಅವನಿಗೆ ಕೇಳಲೆಂದೇ ಎಂಬಂತೆ, "ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಎಂಬ ಆ ಮಾತು ಹೇಳಿದೆ.

ದೇವರು ಇನ್ನೊಂದು ಅವಕಾಶ ಕೊಟ್ಟ, ಸುಂದರಣ್ಣ. ಬಿಲ್ಡಿಂಗಿನ ಕೆಳಗೆ ಪೂಜೆಯ ದಿನ ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟಿದ್ದೆವು. ಹಣ್ಣು ಒಡೆದು ಕಾರು ನಿಲ್ಲಬೇಕಿತ್ತು - ಅದು ಇನ್ನೊಂದು ಮಾರು ಮುಂದೆ ಬಂದು, ಆರತಿ ತಟ್ಟೆ ಹಿಡಿದಿದ್ದ ಜಲಜಕ್ಕನ ಸೀರೆಯ ನೆರಿಗೆಗೆ ತಾಗುವ ಹಾಗೆ ನಿಂತಿತು. "ಕಾರಿಗೂ ಇವರ ಹಾಗೇ ಅವಸರ, ಊಟದ ಎಲೆ ಹಾಕುವ ಮೊದಲೇ ಬಂದು ಕೂರುವುದು" ಎಂದರು ಅವರು. ಎಲ್ಲರೂ ನಕ್ಕರು. ನೀವು ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕೇಳಿದಿರಿ: "ವಸುಧಮ್ಮ, ಪೆಡಲ್ ಸ್ವಲ್ಪ ಮೆತ್ತಗೆ ಉಂಟಲ್ಲ?"

"ಹಳೇ ಗಾಡಿ ಅಲ್ವಾ ಅಣ್ಣ, ಹಂಗೇ ಇರತ್ತೆ."

ಮೊದಲನೆಯದು ಅಹಂಕಾರ. ಇದು ಸುಳ್ಳು. ಇವೆರಡನ್ನೂ ನಾನು ಬೇರೆಬೇರೆಯಾಗಿಯೇ ಎಣಿಸುತ್ತೇನೆ.

ಮೂರನೆಯ ಭಾನುವಾರದ ಬೆಳಿಗ್ಗೆ ನಾವು ವಿಲೆ ಪಾರ್ಲೆಗೆ ಹೊರಟದ್ದು, ನೀವು ಕೆಲಸ ಮಾಡುವ ಹೋಟೆಲಿನ ಕ್ಯಾಷಿಯರನ ಮಗಳ ನಿಶ್ಚಿತಾರ್ಥಕ್ಕೆ. ನಾನು ನಿಮ್ಮ ಎಡಗಡೆ. ಹಿಂದಿನ ಸೀಟಿನಲ್ಲಿ ಜಲಜಕ್ಕ, ಅವರ ತೊಡೆಯ ಮೇಲೆ ಮಲ್ಲಿಗೆಯ ಅಟ್ಟೆ, ದಂಡೆಗಳನ್ನು ಸುತ್ತಿ ಕಟ್ಟಿದ ಕಟ್ಟು. ಭಾನುವಾರವಾದ್ದರಿಂದ ಹೈವೇ ಖಾಲಿ ಇತ್ತು. ಆ ಕಾರು ಮೊದಲ ಬಾರಿ ವೇಗವಾಗಿ ಓಡಿತು. ಫ್ಲೈಓವರಿನ ಇಳಿಜಾರಿನಲ್ಲಿ ನಿಮ್ಮ ಬಲಗಾಲು ಒಂದು ಸಲ ಹೋಯಿತು, ಎರಡನೆಯ ಸಲ ಹೋಯಿತು, ಮೂರನೆಯ ಸಲ ನೆಲಕ್ಕೇ ಮುಟ್ಟಿ ಅಲ್ಲೇ ಉಳಿಯಿತು. ಆ ಸದ್ದು ಈಗಲೂ ಕೇಳಿಸುತ್ತದೆ. ದೊಡ್ಡ ಸದ್ದೇನಲ್ಲ, ಪೆಡಲ್ ಮ್ಯಾಟಿಗೆ ತಾಗಿದ 'ಟಪ್' ಅಷ್ಟೇ.

ಕೆಳಗೆ ಕೆಂಪು ಸಿಗ್ನಲ್. ಜನ ರಸ್ತೆ ದಾಟುತ್ತಿದ್ದರು. ಎಲ್ಲರಿಗಿಂತ ಹಿಂದೆ ಹಸಿರು ಸೀರೆಯ ಒಬ್ಬಾಕೆ, ಕೈಚೀಲದಲ್ಲಿ ಮೆಂತ್ಯದ ಕಟ್ಟು. ಈ ಊರಿನಲ್ಲಿ ಎಲ್ಲರೂ ಮಾಡುವ ಹಾಗೆ ಆಕೆ ನಮ್ಮತ್ತ ನೋಡದೆಯೇ ಅಂಗೈ ಎತ್ತಿ ತೋರಿಸಿದಳು - ನಿಲ್ಲು, ನಾನು ಹೋಗುತ್ತಿದ್ದೇನೆ ಎಂದು. ನಿತ್ಯ ನಾನೂ ಎತ್ತುವ ಅಂಗೈಯೇ. ಬಸ್ಸು, ಲಾರಿ, ಟ್ಯಾಂಕರು ಎಲ್ಲವೂ ಆ ಒಂದು ಅಂಗೈಗೆ ನಿಲ್ಲುತ್ತವೆ. ಎಂಥ ನಂಬಿಕೆ ಅದು! ನೋಡಬೇಕಾದ ಅಗತ್ಯವೇ ಇಲ್ಲ ಎನ್ನುವಷ್ಟು. ಆ ಅಂಗೈ ದೊಡ್ಡದಾಗುತ್ತ, ದೊಡ್ಡದಾಗುತ್ತ -

ನಾನು ಕಿರುಚಲಿಲ್ಲ. ತಲೆಯೊಳಗೆ ಆ ಯಾರ್ಡಿನವನ ದನಿ, ದೋ ಬಾರ್ ದಬಾನಾ.

ನಿಮ್ಮ ದನಿ ಮಾತ್ರ ಹೋಟೆಲಿನಲ್ಲಿ ಟೇಬಲ್ ನಂಬರ್ ಕೂಗುವಾಗ ಇರುವಷ್ಟೇ ಸಹಜವಾಗಿತ್ತು. "ಜಲಜಾ, ಸೀಟು ಗಟ್ಟಿ ಹಿಡ್ಕೊ. ವಸುಧಮ್ಮ, ಹೆದರ್ಬೇಡಿ. ನಿಲ್ತದೆ." ಎಡಗೈ ಗೇರಿನ ಮೇಲೆ ಹೋಯಿತು. ಮೂರಕ್ಕೆ. ಇಂಜಿನ್ ಗುಡುಗಿತು. ಎರಡಕ್ಕೆ. ನಾವು ಮುಂದಕ್ಕೆ ಎಸೆಯಲ್ಪಟ್ಟೆವು. ಅದೇ ಕೈ ಹ್ಯಾಂಡ್ ಬ್ರೇಕಿಗೆ ಬಂತು. ನೀವು ಅದನ್ನು ಜಗ್ಗಲಿಲ್ಲ, ಹಸುವಿನ ಹಗ್ಗ ಹಿಡಿದವರಂತೆ ಎಳೆದಿರಿ, ಸಡಿಲಿಸಿದಿರಿ, ಮತ್ತೆ ಎಳೆದಿರಿ. ಎಡಗಡೆ ಮೆಟ್ರೋ ಕೆಲಸಕ್ಕೆಂದು ಸುರಿದಿದ್ದ ಮರಳಿನ ರಾಶಿ. ಅದನ್ನು ನೀವು ಯಾವಾಗ ನೋಡಿದಿರಿ? ನಾನು ಅಂಗೈಯನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಕಾರು ಮರಳಿನೊಳಗೆ ಮೂತಿ ಹುದುಗಿಸಿ, ಒಮ್ಮೆ ನಡುಗಿ, ನಿಂತಿತು.

ಆಕೆಯ ಸೆರಗಿಗೂ ನಮ್ಮ ಬಾಗಿಲಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಆಕೆ ಡಿವೈಡರ್ ಮುಟ್ಟಿದ ಮೇಲೆ ಅಂಗೈ ಇಳಿಸಿದಳು. ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಹಿಂತಿರುಗಿ ನೋಡದೆ ಹೋದಳು. ಆಕೆಗೆ ಇವತ್ತಿಗೂ ಗೊತ್ತಿಲ್ಲ.

ಮನುಷ್ಯನೊಬ್ಬನ ಎರಡು ಕೈಗಳು ಅಷ್ಟು ಮಾಡಬಲ್ಲವೆಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಆಮೇಲೆ ಜಲಜಕ್ಕ ಮಲ್ಲಿಗೆಯ ಅಟ್ಟೆಯನ್ನು ಎದೆಗೆ ಒತ್ತಿಕೊಂಡು, ಅಳುತ್ತಲೇ ಬೈದರು: "ಘಾಟಿಯಲ್ಲಿ ಟೆಂಪೋ ಬಿಡುವಾಗಿನ ಬುದ್ಧಿ ಇವತ್ತು ಉಪಯೋಗಕ್ಕೆ ಬಂತು ಮಾರಾಯ್ರೇ." ಹೋಟೆಲಿಗೆ ಸೇರುವ ಮೊದಲು ನೀವು ಊರಿನಲ್ಲಿ ಟೆಂಪೋ ಓಡಿಸುತ್ತಿದ್ದಿರಿ ಎಂದು ನನಗೆ ತಿಳಿದದ್ದೇ ಆಗ. ಬ್ರೇಕನ್ನು ಎರಡು ಸಲ ಒತ್ತುವುದು ನಿಮಗೆ ಅಂದಿನಿಂದಲೂ ರೂಢಿಯಂತೆ. ಅದಕ್ಕೇ ಆ ಮೂರು ವಾರ ತೊಂದರೆ ಕಾಣಲಿಲ್ಲ. ನಿಮ್ಮ ಒಳ್ಳೆಯ ರೂಢಿಯೇ ನನ್ನ ಸುಳ್ಳನ್ನು ಮುಚ್ಚಿಟ್ಟಿತ್ತು.

ಮರಳಿನ ಪಕ್ಕದಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತ ನೀವು ನನಗೆ ಹೇಳಿದಿರಿ: "ಪುಣ್ಯ, ನೀವು ನೋಡಿದ ಗಾಡಿ. ಬೇರೆಯದ್ದಾಗಿದ್ರೆ ಹ್ಯಾಂಡ್ ಬ್ರೇಕೂ ಕೈ ಕೊಡ್ತಿತ್ತು."

ಕಾರನ್ನು ಎಳೆದು ತಂದ ಮೇಲೆ ಉಸ್ತಾದ ಬಿಚ್ಚಿದ. ಬ್ರೇಕಿನ ಸಿಲಿಂಡರಿನೊಳಗಿನ ರಬ್ಬರು ಪುಡಿಯಾಗಿತ್ತು. ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪದ ವೈರನ್ನು ಯಾರೋ ಕತ್ತರಿಸಿ ಕಪ್ಪು ಟೇಪು ಸುತ್ತಿದ್ದರು. ಅವನು ಯಾರನ್ನೂ ದೂರಲಿಲ್ಲ. "ಪೆಡಲ್ ಪರ್ ಪಾಂವ್ ರಖೋ, ಗಾಡಿ ಖುದ್ ಬೋಲ್ತಿ ಹೈ" ಎಂದ. ಕಾಲಿಟ್ಟರೆ ಗಾಡಿಯೇ ಹೇಳುತ್ತದೆ. ಹೌದು, ನನಗೆ ಹೇಳಿತ್ತು.

ಮರುದಿನ ನಾವು ಯಾರ್ಡಿಗೆ ಹೋದೆವು. ವೈರಿನ ವಿಷಯ ಬಂದಾಗ ಮಾಲೀಕ ತಡವರಿಸಿದ. ಬ್ರೇಕಿನ ಮಾತು ಬಂದಾಗ ಮಾತ್ರ ನೆಟ್ಟಗೆ ನನ್ನತ್ತ ಬೆರಳು ತೋರಿಸಿದ. "ಮೇಡಂಗೆ ಹೇಳಿದ್ದೆ. ಕೇಳಿ ಅವರನ್ನೇ."

ನೀವು ನನ್ನತ್ತ ತಿರುಗಿದಿರಿ. ಪ್ರಶ್ನೆಯಿಂದಲ್ಲ, ನಾನು ಏನು ಹೇಳುತ್ತೇನೆಂದು ಮೊದಲೇ ತಿಳಿದವರ ಹಾಗೆ.

"ನನಗೇನೂ ಹೇಳಿಲ್ಲ," ಎಂದೆ.

ಇಷ್ಟು ವರ್ಷಗಳಲ್ಲಿ ಯಾರ ಮೇಲೂ ದನಿ ಎತ್ತದ ನೀವು ಮೇಜಿಗೆ ಬಡಿದಿರಿ. "ಹಮಾರೀ ಲಡ್ಕೀ ಝೂಟ್ ನಹೀಂ ಬೋಲ್ತೀ!" ನಮ್ಮ ಹುಡುಗಿ ಸುಳ್ಳು ಹೇಳುವವಳಲ್ಲ. ಆ ಮನುಷ್ಯ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ, ಸುಂದರಣ್ಣ. ಗುರುತು ಹಿಡಿದವನಂತೆ. ತನ್ನದೇ ಕಸುಬಿನವಳೊಬ್ಬಳನ್ನು ಕಂಡ ಹಾಗೆ. ವಾದ ಬಿಟ್ಟು, ರಿಪೇರಿ ಮಾಡಿಸಿಕೊಡಲು ಒಪ್ಪಿದ.

ಅವನು ದೀಪ ಆರಿಸಿದ್ದು ಅವನ ಪಾಪ. ಆದರೆ ಆ ದಿನ ಆ ಕೋಣೆಯಲ್ಲಿ ಬ್ರೇಕಿನ ಬಗ್ಗೆ ನಿಜ ಹೇಳಿದವನು ಅವನೊಬ್ಬನೇ.

ಅಲ್ಲಿಂದೀಚೆ ನೀವೇ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಹೇಳಿದಿರಿ - ಗಾಡಿ ಕೊಳ್ಳುವುದಾದರೆ ವಸುಧಮ್ಮನನ್ನು ಕರೆದುಕೊಂಡು ಹೋಗಿ, ಡೀಲರ್‌ಗಳನ್ನು ಎದುರು ಹಾಕಿಕೊಳ್ಳುವ ಧೈರ್ಯ ಆಕೆಗಿದೆ ಎಂದು. ನಾನು ಹೋಗಿದ್ದೇನೆ. ಪ್ರತಿಸಲವೂ ಏನಾದರೊಂದು ನೆಪ ಹೇಳಿ ಉಸ್ತಾದನನ್ನೂ ಎಳೆದುಕೊಂಡು ಹೋಗಿದ್ದೇನೆ. ಎಲ್ಲರೂ ಅದನ್ನು ನನ್ನ ವಿನಯ ಎನ್ನುತ್ತಾರೆ.

ನಿನ್ನೆ ನಿಮ್ಮ ಮಗಳು ಶ್ವೇತಾ ಲಿಫ್ಟಿನಲ್ಲಿ ಸಿಕ್ಕಳು. ತನ್ನ ಮೊದಲ ಸಂಬಳದ ವರ್ಷದಲ್ಲೇ ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದಾಳಂತೆ. "ಆಂಟಿ, ಸಂಡೇ ಫ್ರೀ ಇದ್ದೀರಾ? ಉಸ್ತಾದ್ ಕೀ ಜರೂರತ್ ನಹೀಂ, ಪಪ್ಪಾ ಬೋಲೇ. ನೀವು ಒಮ್ಮೆ ಚಲಾಕೇ ನೋಡಿ ಓಕೆ ಅಂದ್ರೆ ಬಸ್." ಉಸ್ತಾದ ಬೇಡ, ನಾನು ಓಡಿಸಿ ನೋಡಿದರೆ ಸಾಕು ಎಂದು ನೀವೇ ಹೇಳಿದ್ದಂತೆ. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳದಂತೆ ತಡೆಯಲು ಅವಳು ಅಂಗೈ ಚಾಚಿದ್ದಳು. ಅತ್ತ ನೋಡಲೇ ಇಲ್ಲ. ಬಾಗಿಲು ತಾನಾಗಿ ನಿಂತಿತು.

ಈ ಕಾಗದವನ್ನು ಇವತ್ತು ಸಂಜೆ ನಾನೇ ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೂ ಎದುರಿಗೇ ಕುಳಿತಿರುತ್ತೇನೆ. ಜಲಜಕ್ಕನೂ ಓದಲಿ. ಅವರು ಕಾಫಿ ಮಾಡುವುದು ಬೇಡ. ಕ್ಷಮೆ ಕೇಳುತ್ತಿಲ್ಲ, ಅದನ್ನು ಯಾರಲ್ಲಿ ಕೇಳಬೇಕೋ ಆ ಇನ್ನೊಬ್ಬಳು ಮೆಂತ್ಯದ ಕಟ್ಟು ಹಿಡಿದು ಈ ಊರಿನಲ್ಲಿ ಎಲ್ಲೋ ರಸ್ತೆ ದಾಟುತ್ತಿದ್ದಾಳೆ.

ಶ್ವೇತಾಳ ಕಾರಿಗೆ ಉಸ್ತಾದನನ್ನು ಕರೆದುಕೊಂಡು ಹೋಗಿ. ಅವನಿಗೆ ಫೋನ್ ಮಾಡಿದ್ದೇನೆ. ಭಾನುವಾರ ಹತ್ತು ಗಂಟೆಗೆ ಗೇಟಿನ ಬಳಿ ಬರುತ್ತಾನೆ. ಯಾಕೆ, ಗಾಡಿ ನೋಡಲು ನೀವಿಲ್ಲವಾ ಮೇಡಂ, ನಿಮಗೆ ಗೊತ್ತಲ್ಲ ಎಂದು ಕೇಳಿದ.

"ಮುಝೇ ನಹೀಂ ಮಾಲೂಮ್," ಎಂದೆ. ನನಗೆ ಗೊತ್ತಿಲ್ಲ. ಆ ಯಾರ್ಡಿನಲ್ಲೇ ಹೇಳಬೇಕಾಗಿದ್ದ ಮಾತು.