ಬೆಳಕು ನೋಡಲು ಒಂದು ಮುಖ

ಆ ಸ್ಟುಡಿಯೊದೊಳಗೆ ಕಾಲಿಟ್ಟ ಮೊದಲ ದಿನವೇ ನಾನು ಒಂದು ಬೊಂಬೆಗೆ ನಮಸ್ಕಾರ ಮಾಡಿದೆ. ಬರೀ ನಮಸ್ಕಾರವಾಗಿದ್ದರೆ ಕೈ ಉಜ್ಜಿಕೊಂಡೆ ಎಂದು ಹೇಳಿ ಪಾರಾಗಬಹುದಿತ್ತು. ನಾನು ಮಾತೂ ಆಡಿಬಿಟ್ಟೆ. ಬಿಸಿಲಿನಿಂದ ಒಳಗೆ ಬಂದವನಿಗೆ ಕೋಣೆ ಕತ್ತಲೆ ಕತ್ತಲೆಯಾಗಿ ಕಂಡಿತು. ನಡುವೆ ಒಂದು ಕುರ್ಚಿ, ಅದರ ಮೇಲೆ ಶಾಲು ಹೊದ್ದು ನೆಟ್ಟಗೆ ಕುಳಿತ ಒಬ್ಬ ಹೆಂಗಸು. "ನಿಮ್ಮದು ಮೊದಲು ಮುಗೀಲಿ, ನನಗೇನೂ ಅವಸರ ಇಲ್ಲ" ಎಂದೆ. ಕೇಳಿಸಲಿಲ್ಲವೇನೋ ಎಂದು ದನಿ ಏರಿಸಿ, "ಈ ಸಲ ಸೆಕೆ ಜಾಸ್ತಿ ಅಲ್ವಾ?" ಎಂದೆ. ಆಕೆ ಬಿಗುಮಾನದಿಂದ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ನಾನು ಏನು ತಪ್ಪು ಮಾಡಿದೆ ಎಂದು ಯೋಚಿಸುತ್ತಿರುವಾಗ, ಮೂಲೆಯಲ್ಲಿ ಬಗ್ಗಿ ವೈರು ಬಿಡಿಸುತ್ತಿದ್ದ ಮನುಷ್ಯರೊಬ್ಬರು ಎದ್ದು ನಿಂತರು.

"ಅವರು ಮಾತು ಕಮ್ಮಿ. ಮೊದಲು ಬಟ್ಟೆ ಅಂಗಡೀಲಿದ್ರು" ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ನಗೆಬರಹಗಾರ ಎಂದು ಹೆಸರು ಹೊತ್ತವನಿಗೆ ಇಂಥ ಹೊತ್ತಿನಲ್ಲಿ ಒಂದು ಮಾತು ಹೊಳೆಯಬೇಕು. ನನಗೆ ಹೊಳೆದದ್ದು ಬೆವರು ಮಾತ್ರ.

ಬೀದಿಯವರೆಲ್ಲ ಅವರನ್ನು 'ಛತ್ರಿ' ಎನ್ನುತ್ತಿದ್ದರು. ಫ್ಲ್ಯಾಶ್ ದೀಪದ ಮುಂದೆ ಅವರು ಬಿಚ್ಚಿಡುತ್ತಿದ್ದ ಬಿಳಿ ಛತ್ರಿಯಿಂದ ಬಂದ ಹೆಸರು ಅದು. ಆ ಪದಕ್ಕೆ ನಮ್ಮ ಮಾತಿನಲ್ಲಿ ಇರುವ ಇನ್ನೊಂದು ಅರ್ಥಕ್ಕೆ, ಅಂದರೆ ಕಿಲಾಡಿ ಎಂಬುದಕ್ಕೆ, ಇಡೀ ಬೀದಿಯಲ್ಲಿ ತೀರಾ ಅನರ್ಹರಾದವರು ಎಂದರೆ ಇವರೇ. ಐವತ್ತು ದಾಟಿದ, ಮದುವೆಯಾಗದ, ಗಟ್ಟಿಯಾಗಿ ಸೀನುವುದಕ್ಕೂ ಸಂಕೋಚಪಡುವ ಮನುಷ್ಯ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ರಾತ್ರಿ ಅಲ್ಲೇ ಮಲಗಬೇಕು, ಉಣ್ಣಬೇಕು; ಹಾಗಾಗಿ ಸಂಜೆ ದೀಪ, ಸ್ಟ್ಯಾಂಡು, ಪರದೆ ಎಲ್ಲ ಮಡಚಿ ಮಂಚದ ಕೆಳಗೆ ಹೋಗುತ್ತಿದ್ದವು. ಬೆಳಿಗ್ಗೆ ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿ, ಎಲ್ಲವನ್ನೂ ಹೊಸದಾಗಿ ಹೂಡಬೇಕು.

ಈ ಹೂಡುವ ಕೆಲಸದಲ್ಲೇ ಇರುವುದು ಕಷ್ಟ. ಫ್ಲ್ಯಾಶಿನ ಬೆಳಕು ಕಣ್ಣಿಗೆ ಕಾಣುವಷ್ಟು ಹೊತ್ತು ಇರುವುದಿಲ್ಲ. ಮೂಗಿನ ನೆರಳು ಎಲ್ಲಿ ಬಿತ್ತು, ಕಣ್ಣಲ್ಲಿ ಬೆಳಕಿನ ಚುಕ್ಕೆ ಕೂತಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಒಂದು ಸಲ ಫ್ಲ್ಯಾಶ್ ಹೊಡೆದು ಫೋಟೊ ನೋಡಬೇಕು. ಹೊಡೆಯಲು ಒಂದು ಮುಖ ಬೇಕು. ಗಿರಾಕಿಯ ಮುಖದ ಮೇಲೆ ಇದನ್ನೆಲ್ಲ ಮಾಡುತ್ತ ಕೂತರೆ ಗಿರಾಕಿ ಎದ್ದು ಹೋಗುತ್ತಾನೆ.

ಅಷ್ಟು ವರ್ಷವೂ ಆ ಮುಖ ಅವರ ಅಕ್ಕನದಾಗಿತ್ತು. ಅಪ್ಪ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಬೆಳಿಗ್ಗೆ ಬಟಾಣಿ ಬಿಡಿಸುವ ತಟ್ಟೆ ಹಿಡಿದು ಆಕೆ ಕುರ್ಚಿಯಲ್ಲಿ ಕೂರುವರು. ಇವರು ಬಿಳಿ ಬಟ್ಟೆಯ ದೊಡ್ಡ ಪೆಟ್ಟಿಗೆ ತೊಡಿಸಿದ ದೀಪವನ್ನು ಎಡಕ್ಕೆ ಮೇಲಿಟ್ಟು, ಬೆಳಕು ಮರಳಿಸಲು ಬಲಕ್ಕೆ ಥರ್ಮಕೋಲ್ ಹಲಗೆ ನಿಲ್ಲಿಸಿ, ಛತ್ರಿಯನ್ನು ಹಿಂದೆ ಮುಂದೆ ಮಾಡಿ ಹೊಡೆಯುವರು. "ಆಯ್ತೇನೋ?" ಎಂದು ಆಕೆ ಕೇಳುವುದು, "ಇನ್ನೊಂದು" ಎಂದು ಇವರು ಹೇಳುವುದು. ಬಟಾಣಿ ಮುಗಿಯುವ ಹೊತ್ತಿಗೆ ಬೆಳಕೂ ಸರಿಹೋಗುತ್ತಿತ್ತು.

ಆ ಅಕ್ಕ ಹಿಂದಿನ ವರ್ಷ ಮದುವೆಯಾಗಿ ಹೋಗಿದ್ದರು. ಮಾಡಿಸಿದ್ದು ಯಾರು ಎಂದರೆ, ಛತ್ರಿಯವರ ದೀಪಗಳೇ. ಊರಿನ ಆ ತುದಿಯ ಕನ್ನಡಕದಂಗಡಿಯವರು, ಹೆಂಡತಿ ತೀರಿಕೊಂಡವರು, ಒಂದು ದಿನ ಜಗಳಕ್ಕೆ ಬಂದಿದ್ದರು. "ನಿಮ್ಮ ಫೋಟೊಗಳಲ್ಲಿ ನನ್ನ ಗಿರಾಕಿಗಳ ಕನ್ನಡಕದೊಳಗೆ ಕಣ್ಣೇ ಇರಲ್ಲ, ಎರಡು ಬಿಳೀ ಕಿಟಕಿ ಇರ್ತವೆ" ಎಂಬುದು ಅವರ ದೂರು. ಹೌದೋ ಅಲ್ಲವೋ ನೋಡಿಯೇಬಿಡೋಣ ಎಂದು ಛತ್ರಿಯವರು ಅವರನ್ನು ಅಕ್ಕನ ಪಕ್ಕದಲ್ಲೇ ಕೂರಿಸಿ, ಕನ್ನಡಕ ಇರುವ ಮುಖಕ್ಕೂ ಇಲ್ಲದ ಮುಖಕ್ಕೂ ಒಟ್ಟಿಗೆ ಬೆಳಕು ಹೂಡಲು ಹೊರಟರು. ಅದು ಸುಲಭದ ಕೆಲಸವಲ್ಲ. ಹಟಕ್ಕೆ ಬಿದ್ದು ಇಡೀ ವಾರ ಕರೆಸಿ ಕೂರಿಸಿದರು.

"ನಾನು ಸ್ಟ್ಯಾಂಡ್ ಎತ್ತರ ಮಾಡ್ತಾ ಇದ್ದೆ" ಎಂದು ಅವರೇ ಆಮೇಲೆ ನನಗೆ ಹೇಳಿದರು. "ಅವರಿಬ್ಬರೂ ಮಾತಾಡ್ತಾ ಇದ್ರು. ಮಾತಾಡೋರ ಮುಖಕ್ಕೆ ಬೆಳಕು ಚೆನ್ನಾಗಿ ಬೀಳತ್ತೆ, ಬಿಡಿ ಅಂತ ನಾನೂ ಸುಮ್ಮನಿದ್ದೆ."

ಅಕ್ಕ ಹೋದ ಮೇಲೆ ಬೊಂಬೆ ಬಂತು. ಮುಚ್ಚಿದ ಬಟ್ಟೆ ಅಂಗಡಿಯಿಂದ ತಂದದ್ದು. ಅಕ್ಕ ಬಿಟ್ಟುಹೋದ ಶಾಲನ್ನು ಅದಕ್ಕೆ ಹೊದಿಸಿದ್ದರು, ಪ್ಲಾಸ್ಟಿಕ್ ಹೆಗಲು ಹೊಳೆಯಬಾರದೆಂದು. ಆದರೆ ಬೊಂಬೆಯ ಮೂಗು ಚೂಪು, ಕೆನ್ನೆ ನುಣುಪು, ಕಣ್ಣು ಬಣ್ಣದ್ದು. ಅದಕ್ಕೆ ಸರಿಹೋದ ಬೆಳಕಿನಲ್ಲಿ ಮನುಷ್ಯರನ್ನು ತೆಗೆದರೆ ಎಲ್ಲರೂ ಗಾಜಿನ ಹಿಂದೆ ಮಾರಾಟಕ್ಕೆ ನಿಲ್ಲಿಸಿದವರಂತೆ ಕಾಣತೊಡಗಿದರು. ನಮ್ಮ ಬೀದಿಯ ಇಸ್ತ್ರಿಯವನ ಗುರುತಿನ ಚೀಟಿ ನೋಡಿ ಅವನ ಹೆಂಡತಿಯೇ, "ಇದ್ಯಾರು ರೀ, ನಿಮ್ಮ ಸಾಹೇಬರಾ?" ಎಂದಳಂತೆ.

ಇನ್ನೊಂದು ವಿಚಿತ್ರವಿತ್ತು. ಬೆಳಿಗ್ಗೆ ವಾಕಿಂಗ್ ಹೋಗುವವರಿಗೆಲ್ಲ ಆ ಮನೆಯ ಪರದೆಯ ಹಿಂದೆ ಮಿಂಚಿನ ಮೇಲೆ ಮಿಂಚು ಕಾಣುತ್ತಿತ್ತು. "ಛತ್ರಿಗೆ ಒಳ್ಳೇ ವ್ಯಾಪಾರ ಕಣ್ರೀ" ಎಂದು ನಾವು ಹೊಟ್ಟೆಕಿಚ್ಚು ಪಡುತ್ತ ಮುಂದೆ ಹೋಗುತ್ತಿದ್ದೆವು. ಒಳಗಿದ್ದವರು ಅವರು ಮತ್ತು ಬೊಂಬೆ.

ನಾನು ಹೋದದ್ದು ಪುಸ್ತಕದ ಹಿಂಬದಿಗೆ ನನ್ನದೊಂದು ನಗುಮುಖ ಬೇಕೆಂದು ಪ್ರಕಾಶಕರು ಕೇಳಿದ್ದಕ್ಕೆ. ಬೊಂಬೆಯನ್ನು ಎತ್ತಿ ಪಕ್ಕಕ್ಕಿಟ್ಟು ನನ್ನನ್ನು ಕೂರಿಸಿ, ಒಂದು ಹೊಡೆದು, ಕ್ಯಾಮೆರಾದ ಹಿಂದೆ ಬಹಳ ಹೊತ್ತು ನೋಡಿದರು.

"ನಿಮ್ಮ ಮುಖ ಒಳ್ಳೇದು" ಎಂದರು.

ನನ್ನ ಜೀವಮಾನದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಹೆಂಡತಿ ಒಮ್ಮೆ ಹೇಳಿದ್ದಳು. ಅದು ನನ್ನ ತಮ್ಮನ ಫೋಟೊ ಎಂದು ಆಮೇಲೆ ತಿಳಿಯಿತು.

"ಹೌದಾ?"

"ಹೂಂ. ವಿಶೇಷ ಏನೂ ಇಲ್ಲ ಅದರಲ್ಲಿ. ಮೂಗು ಮೂಗಿನ ಹಾಗಿದೆ, ಗಲ್ಲ ಗಲ್ಲದ ಹಾಗಿದೆ. ನಿಮಗೆ ಸರಿಹೋದ ಬೆಳಕು ಊರಿಗೆಲ್ಲ ಸರಿಹೋಗತ್ತೆ. ಬೆಳಿಗ್ಗೆ ವಾಕಿಂಗ್ ಬರ್ತೀರಲ್ಲ, ಹಾಗೇ ಒಂದು ಐದು ನಿಮಿಷ ಕೂತು ಹೋಗ್ತೀರಾ? ಅಕ್ಕ ಮತ್ತೆ ಬಂದು ಕೂರೋಕೆ ಒಪ್ಪೋವರೆಗೆ ಮಾತ್ರ."

ಹೀಗೆ ನಾನು ಬೊಂಬೆಯ ಕೆಲಸಕ್ಕೆ ಸೇರಿದೆ. ವಾಕಿಂಗಿನಿಂದ ತಪ್ಪಿಸಿಕೊಳ್ಳಲು ಮರ್ಯಾದಸ್ಥ ನೆಪ ಸಿಕ್ಕಿತು ಎಂಬುದು ಒಂದು ಕಾರಣ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನ್ನ ವಯಸ್ಸಿನ ಗಂಡಸನ್ನು ಮನೆಯಲ್ಲಾಗಲಿ ಹೊರಗಾಗಲಿ ಯಾರೂ ದಿಟ್ಟಿಸಿ ನೋಡುವುದಿಲ್ಲ. ಇಲ್ಲಿ ಒಬ್ಬರು ಕಣ್ಣು ಕಿವಿ ಕೂದಲಿನ ಸಮೇತ ನೋಡುತ್ತಿದ್ದರು.

ಕೂತಲ್ಲಿಂದ ನನಗೆ ಒಳಮನೆ ಕಾಣುತ್ತಿತ್ತು. ತೊಳೆದು ಬೋರಲಿಟ್ಟ ಒಂದು ತಟ್ಟೆ, ಒಂದು ಲೋಟ. ದನಿ ತೆಗೆದು ಚಿತ್ರ ಮಾತ್ರ ಬಿಟ್ಟ ಟೀವಿ. "ಶಬ್ದ ಕೆಟ್ಟಿದೆಯಾ?" ಎಂದು ಕೇಳಿದರೆ, "ಇಲ್ಲ, ಅವರವರೇ ಮಾತಾಡ್ಕೊಳ್ತಾರೆ, ನಾನ್ಯಾಕೆ ಮಧ್ಯೆ" ಎಂದರು. ಹೊಡೆದ ಮೇಲೆ ಫ್ಲ್ಯಾಶು ಮತ್ತೆ ಬೆಳಕು ತುಂಬಿಕೊಂಡು 'ಪಿಕ್' ಎನ್ನುವವರೆಗೆ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಅವರ ಮಾತೆಲ್ಲ ಬರುತ್ತಿದ್ದದ್ದು. 'ಪಿಕ್' ಎಂದಕೂಡಲೇ ಅರ್ಧಕ್ಕೆ ನಿಲ್ಲುತ್ತಿತ್ತು. ಆ ಮನುಷ್ಯನ ಕಥೆಯನ್ನು ನಾನು ಇಡಿಯಾಗಿ ಕೇಳಲೇ ಇಲ್ಲ, ತುಂಡು ತುಂಡಾಗಿ ಕೇಳಿದ್ದು.

ಒಂದು ಬೆಳಿಗ್ಗೆ ಅಂಥ ತುಂಡೊಂದು ಬಂತು. "ಭಾನುವಾರ ಅಕ್ಕ, ಭಾವ ಬರ್ತಾರೆ. ಜೋಡಿ ಫೋಟೊ ತೆಗೆಸ್ಕೊಳ್ಳೋಕೆ. ಕೇಳ್ಬೇಕು ಅಂತಿದೀನಿ."

"ಏನನ್ನ?"

"ವಾರಕ್ಕೆರಡು ದಿನ ಬಂದು ಇಲ್ಲಿ ಇದ್ದು ಹೋಗು ಅಂತ. ಬೆಳಕಿಗೆ."

ಬೆಳಕಿಗೆ ಎಂಬ ಮಾತನ್ನು ಸ್ಟ್ಯಾಂಡಿನ ತಿರುಪಿಗೆ ಹೇಳಿದರು, ನನಗಲ್ಲ. ಮುಖ ನೋಡಿದರೆ ಪರೀಕ್ಷೆಗೆ ಹೊರಟ ಹುಡುಗನ ಕಳೆ. ನಾನು ಉತ್ಸಾಹದಿಂದ, "ಒಂದ್ಸಲ ಅಭ್ಯಾಸ ಮಾಡಿ. ನಾನೇ ಅಕ್ಕ ಅಂದ್ಕೊಳ್ಳಿ" ಎಂದೆ. ನನ್ನಂಥವರು ಇಂಥ ಕಡೆ ತಲೆ ಹಾಕಬಾರದು, ಗೊತ್ತು.

ಅವರು ಕ್ಯಾಮೆರಾದ ಹಿಂದೆ ಅಡಗಿ, "ಅಕ್ಕಾ" ಎಂದರು.

"ಏನೋ?" ಎಂದೆ ನಾನು ದನಿ ತೆಳ್ಳಗೆ ಮಾಡಿ.

"ವಾರಕ್ಕೆ ಎರಡು ದಿನ..."

"ಆಗಲ್ಲ ಕಣೋ. ಭಾವನ ಊಟ ತಿಂಡಿ ಯಾರು ನೋಡ್ತಾರೆ?"

ಅವರು ತಲೆ ಎತ್ತಿದರು. "ಅವಳು ಹಾಗನ್ನಲ್ಲ."

"ಅಂದ್ರೆ?"

"ಆಗಲ್ಲ ಅಂತ ಅನ್ನಲ್ಲ" ಎಂದರು. ಅವತ್ತಿನ ಅಭ್ಯಾಸ ಅಲ್ಲಿಗೇ ಮುಗಿಯಿತು.

ಭಾನುವಾರ ನನ್ನನ್ನೂ ಬರಹೇಳಿದ್ದರು. ನೆಪ ಬೆಳಕಿನದು, ಜತೆಗೊಬ್ಬರು ಇರಲಿ ಎಂದು ಕರೆದದ್ದು ಎಂದು ನಾನು ತಿಳಿದುಕೊಂಡೆ. ಕೋಣೆ ಗುಡಿಸಿ, ಬೊಂಬೆಯನ್ನು ಬಚ್ಚಲುಮನೆಯೊಳಗೆ ಬಚ್ಚಿಟ್ಟಿದ್ದರು. ದೀಪಗಳನ್ನು ಹಳೆಯ ಕಾಲದಲ್ಲಿ ಅಕ್ಕನ ಮುಖಕ್ಕೆ ಹೇಗಿರುತ್ತಿದ್ದವೋ ಹಾಗೇ ಹೂಡಿದ್ದರು. ನನ್ನನ್ನು ಕೂರಿಸಲೇ ಇಲ್ಲ. "ಇದು ನೋಡೋದು ಬೇಡ, ಗೊತ್ತು" ಎಂದರು.

ಅಕ್ಕ ಬಂದರು. ಮೂಗಿನ ಮೇಲೆ ಹೊಸ ಕನ್ನಡಕ.

ಹೂಡಿದ್ದೆಲ್ಲ ಹಾಳಾಯಿತು. ಮೊದಲನೆಯದು ಹೊಡೆದರೆ ಅಕ್ಕನ ಕಣ್ಣಿದ್ದಲ್ಲಿ ಎರಡು ಬಿಳೀ ಕಿಟಕಿ, ಭಾವನ ಕಣ್ಣಿದ್ದಲ್ಲಿ ಇನ್ನೆರಡು. ದೀಪ ಮೇಲಕ್ಕೇರಿಸಿದರು; ಪೆಟ್ಟಿಗೆಯ ತಲೆ ಸೂರಿಗೆ ತಾಗಿತು. ಪಕ್ಕಕ್ಕೆ ಸರಿಸಿದರು, ಒಬ್ಬರ ಕಿಟಕಿ ಮುಚ್ಚಿತು, ಇನ್ನೊಬ್ಬರದು ತೆರೆಯಿತು. "ಬೇಕಾದ್ರೆ ತೆಗೆದುಬಿಡ್ತೀನಿ ಕಣೋ" ಎಂದು ಅಕ್ಕ ಕನ್ನಡಕಕ್ಕೆ ಕೈ ಹಾಕಿದರೆ, "ಬೇಡ, ಬೇಡ" ಎಂದು ಭಾವ, ತಮ್ಮ ಇಬ್ಬರೂ ಕೂಗಿದರು. ಕೊನೆಗೆ ಪೆಟ್ಟಿಗೆಯನ್ನೇ ಕಿತ್ತು, ಬರೀ ಫ್ಲ್ಯಾಶನ್ನು ಸೂರಿಗೆ ತಿರುಗಿಸಿ, ಥರ್ಮಕೋಲ್ ಹಲಗೆಯನ್ನು ಗಂಡ ಹೆಂಡಿರ ತೊಡೆಯ ಮೇಲೆ ಊಟದ ಮೇಜಿನಂತೆ ಮಲಗಿಸಿದರು. "ಇದರ ಮೇಲೆ ಏನಾದ್ರೂ ಬಡಿಸ್ತೀರಾ?" ಎಂದರು ಭಾವ. ಅಕ್ಕ ನಕ್ಕರು. ಛತ್ರಿಯವರು ಫ್ಲ್ಯಾಶ್ ಹೊಡೆದರು. ನಾಲ್ಕೂ ಕಣ್ಣು ಕಂಡವು.

ಆಗ ಅಕ್ಕ ಕುರ್ಚಿಯಿಂದಲೇ ತಮ್ಮನನ್ನು ನೋಡುತ್ತ, "ಅಲ್ವೋ, ಫೋಟೊ ತೆಗೆಯೋವಾಗ ನೀನು ಹೀಗಾ ಮುಖ ಮಾಡೋದು?" ಎಂದರು.

"ಹೇಗೆ?"

"ಅಳೋಕೆ ಮುಂಚೆ ಮಕ್ಕಳು ಮಾಡ್ತಾವಲ್ಲ, ಹಾಗೆ. ಇಷ್ಟು ವರ್ಷ ನೀನು ಅಲ್ಲಿ ನಗ್ತಾ ಇರ್ತೀಯ ಅಂದ್ಕೊಂಡಿದ್ದೆ ನಾನು. ಇಲ್ಲಿಂದ ನೋಡಿದ್ರೆ ಒಂದು ಬಿಳೀ ಮಸುಕು ಕಾಣ್ತಿತ್ತು, ಅಷ್ಟೆ."

"ನಿಂಗೆ ಕಾಣ್ತಿರ್ಲಿಲ್ವಾ?"

"ಎಲ್ಲಿಂದ ಕಾಣತ್ತೆ! ಇವರು ಮೊದಲನೇ ದಿನವೇ ಹೇಳಿದ್ರು. ಕಣ್ಣು ಕಿರಿದು ಮಾಡಿ ನೋಡ್ತೀರಲ್ಲ, ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ."

"ನಮ್ಮ ಕಸುಬೇ ಅದಲ್ವಾ, ಗೊತ್ತಾಗತ್ತೆ" ಎಂದರು ಭಾವ, ಸಮಾಧಾನಪಡಿಸುವ ದನಿಯಲ್ಲಿ. ಆ ಸಮಾಧಾನ ಯಾರಿಗೆ ಬೇಕಿತ್ತು ಎಂದು ಅವರಿಗೂ ತಿಳಿದಂತಿತ್ತು.

ಬೆಳಗಾದರೆ ಆ ಎರಡು ಕಣ್ಣುಗಳಲ್ಲಿ ಚುಕ್ಕೆ ಕೂತಿತೇ ಎಂದು ಹುಡುಕಿದವರು ಛತ್ರಿಯವರು. ಹಾಗೆ ಕಣ್ಣು ಕಿರಿದು ಮಾಡುವುದು ಅಕ್ಕನ ಮುಖದ ರೀತಿಯೇ ಎಂದುಕೊಂಡು, ಅದಕ್ಕೆ ತಕ್ಕಂತೆ ದೀಪವನ್ನು ಒಂದಿಷ್ಟು ಕೆಳಗಿಳಿಸುತ್ತಲೇ ಬಂದಿದ್ದರು. ಈಗ ಬಗ್ಗಿ ಒಂದು ವೈರನ್ನು ಸುತ್ತತೊಡಗಿದರು. ಸುತ್ತುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಹೊರಡುವಾಗ ನಾನು ಬಾಗಿಲ ಬಳಿ ಅವರಿಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ. ಕಣ್ಣಿಗೇನೋ ಬಿದ್ದಿದೆ ಎಂದು ಭಾವ ನನ್ನ ರೆಪ್ಪೆ ಬಿಡಿಸಿ ನೋಡಿದರು. ಅಷ್ಟರಲ್ಲಿ ಅಕ್ಕನೇ ಕೇಳಿದರು, "ಏನೋ ಕೇಳ್ಬೇಕು ಅಂತಿದ್ಯಲ್ಲೋ ಫೋನಲ್ಲಿ?"

ಛತ್ರಿಯವರು ಅಕ್ಕನ ಮುಖ ನೋಡಿದರು. ಕ್ಯಾಮೆರಾ ಇಲ್ಲದೆ ಅವರು ಯಾರನ್ನಾದರೂ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಯಾವ ಸೈಜ್ ಬೇಕು ಅಂತ ಕೇಳ್ಬೇಕಿತ್ತು."

"ಗೋಡೆಗೆ ಹಾಕೋ ಹಾಗಿರ್ಲಿ" ಎಂದರು ಅಕ್ಕ. "ಊಟ ಸರಿಯಾಗಿ ಮಾಡು. ಸೊರಗಿದೀಯ. ಈಗ ಎಲ್ಲಾ ಕಾಣತ್ತೆ ನಂಗೆ." ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಿದ್ದರು.

ಒಳಗೆ ಬಂದು ಛತ್ರಿಯವರು ಅಕ್ಕ ಎದ್ದುಹೋದ ಕುರ್ಚಿಯಲ್ಲಿ ಕುಳಿತರು. ಅಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದುರಿಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಅವರು ಅದನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದರು. ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ಲು, ಯಾರೋ ಯಾರನ್ನೋ ಕೂಗಿದ್ದು. ನನಗೆ ತಡೆಯಲಾಗಲಿಲ್ಲ.

"ಅವರಾಗೇ ಕೇಳಿದ್ರಲ್ರೀ! ಯಾಕೆ ಹೇಳ್ಲಿಲ್ಲ ನೀವು?"

ಅವರು ಎದ್ದರು. ಥರ್ಮಕೋಲ್ ಹಲಗೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಗೋಡೆಗೆ ಒರಗಿಸಿದರು. ಆಮೇಲೆ ನನ್ನ ಮುಖವನ್ನು ಒಂದು ಪಕ್ಕದಿಂದ, ಮತ್ತೆ ಇನ್ನೊಂದು ಪಕ್ಕದಿಂದ ನೋಡಿದರು.

"ನಾಳೆ ಬರೋವಾಗ ಶೇವ್ ಮಾಡ್ಕೊಂಡು ಬನ್ನಿ" ಎಂದರು.