ನೂಲು ಯಾರದು

ನಮ್ಮಪ್ಪ ಮಿಡಿಗೇಶಿಯಲ್ಲಿ ಕಂಬಳಿ ನೇಯುತ್ತಿದ್ದ. ಉಣ್ಣೆ ನೂಲುತ್ತಿದ್ದವಳು ಅಕ್ಕ. ಅವನೆದುರು ಇನ್ನೊಬ್ಬರನ್ನು ಹೊಗಳುವಂತಿರಲಿಲ್ಲ. ಹೊಗಳಿದರೆ ಅವತ್ತು ತಟ್ಟೆ ತಳ್ಳಿ ಎದ್ದುಬಿಡುತ್ತಿದ್ದ.

ಎಪ್ಪತ್ತರ ದಶಕದ ಕೊನೆಗೆ ಪಾವಗಡದ ಕಡೆಯ ನೇಕಾರರ ಮನೆಯವರು ಅಕ್ಕನನ್ನು ನೋಡಲು ಬಂದರು. ನಮ್ಮವರಲ್ಲಿ ಹೆಣ್ಣಿನ ಮುಖಕ್ಕಿಂತ ಮೊದಲು ನೂಲು ನೋಡುತ್ತಿದ್ದರು. ಗಂಡಿನ ತಂದೆ ನಮ್ಮ ಕಂಬಳಿಯೊಂದರ ನಾಲ್ಕು ಮೂಲೆ ಎತ್ತಿ ಹಿಡಿಸಿ, ನಡುವೆ ಒಂದು ಚೊಂಬು ನೀರು ಸುರಿದರು. ಒಂದು ಹನಿಯೂ ಕೆಳಗಿಳಿಯಲಿಲ್ಲ.

"ಬಾಗುಂದಿ!" ಎಂದು ತಮ್ಮ ತೆಲುಗಿನಲ್ಲೇ ಮೆಚ್ಚಿ, "ನೂಲು ಯಾರ್ದಮ್ಮ?" ಎಂದರು.

"ನಂದೇ," ಎಂದಳು ಅಕ್ಕ. ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ.

ಅಪ್ಪನಿಗೆ ತಡೆಯಲಾಗಲಿಲ್ಲ. "ಅವಳ್ದೇನ್ ಬುಡಿ, ಬರೀ ಗಂಟು. ಮಗ್ಗದ ಮೇಲೆ ನಾನೇ ಎಲ್ಲಾ ಸರಿ ಮಾಡ್ಕೋತೀನಿ. ಈ ಸೀಮೇಲಿ ನನ್ನಂಥ ಕೈ ಇನ್ನೊಂದಿಲ್ಲ."

ಅವರು ಕಾಫಿ ಕುಡಿದು ಎದ್ದರು. ಅವರಿಗೆ ಬೇಕಾಗಿದ್ದುದು ನೂಲುವ ಸೊಸೆ, ನೇಯುವ ಬೀಗನಲ್ಲ. ಗಂಟು ನೂಲಿನ ಹುಡುಗಿ ಎಂಬ ಮಾತು ಮಧುಗಿರಿ, ಶಿರಾದವರೆಗೂ ಹಬ್ಬಿತು. ಹೆತ್ತಪ್ಪನೇ ಹೇಳಿದ ಮೇಲೆ ಯಾರು ತಾನೇ ನಂಬುವುದಿಲ್ಲ? ಮತ್ತೆ ಯಾವ ಗಂಡೂ ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಮ್ಮಪ್ಪನಿಗೆ ಮುದ್ದಾಗಿದ್ದ ಹೆಗ್ಗಣ ಅವನೇ.

ಅಕ್ಕ ಮರುದಿನವೂ ನೂಲಲು ಕೂತಳು. "ನಿಂಗೆ ರೋಷ ಇಲ್ವೇನಕ್ಕ?" ಎಂದೆ.

"ನೂಲು ಚೆನ್ನಾಗೈತೆ ಕಣೆ. ನಂಗೊತ್ತಲ್ಲ," ಎಂದಳು. ನನಗದು ಹೇಡಿತನದಂತೆ ಕೇಳಿಸಿತು.

ಕೆಲವು ವರ್ಷಗಳ ಮೇಲೆ ಅಪ್ಪ ಹಾಸಿಗೆ ಹಿಡಿದ. ಕಣ್ಣೂ ಹೋಗಿತ್ತು. ಒಂದು ಮಧ್ಯಾಹ್ನ ಚಳಿಜ್ವರದಲ್ಲಿ ನಡುಗುತ್ತಾ, ಹೊದ್ದಿದ್ದ ಕಂಬಳಿ ಸವರಿ, "ನಂದೇ ಅಲ್ವೇನೇ? ಎಂಥಾ ಕೈ ನೋಡು," ಎಂದ. ಅಂದು ನೀರು ಸುರಿದಿದ್ದರಲ್ಲ, ಅದೇ ಕಂಬಳಿ.

"ಅಲ್ಲ ಕಣಪ್ಪ. ಸಿರಾ ಸಂತೇಲಿ ತಂದಿದ್ದು. ನಿನಗಿಂತ ಚೆನ್ನಾಗಿ ನೇಯ್ದವ್ನೆ," ಎಂದೆ.

ಅವನು ಅದನ್ನು ಕಿತ್ತೆಸೆದ. ಹಲ್ಲು ಕಟಕಟಿಸುತ್ತಿದ್ದರೂ ಮತ್ತೆ ಮುಟ್ಟಲಿಲ್ಲ. ನಾನೂ ಹೊದಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಹಾಯೆನಿಸಿತು.

ಒಳಗಿದ್ದ ಅಕ್ಕ ಬಂದು ಕಂಬಳಿ ಎತ್ತಿಕೊಂಡಳು. "ನಿಂದೇ ಕಣಪ್ಪ. ನೀನೇ ನೇಯ್ದಿದ್ದು," ಎಂದು ಹೊದಿಸಿದಳು. ನೂಲಿನ ಮಾತು ಎತ್ತಲಿಲ್ಲ. ಅವನೂ ಕೇಳಲಿಲ್ಲ.

ಅವಳ ಪರವಾಗಿ ಸೇಡು ತೀರಿಸಿದೆನಲ್ಲ, ಒಂದು ಮೆಚ್ಚುಗೆಯ ಮಾತಾದರೂ ಆಡಿಯಾಳೆಂದು ಮುಖ ನೋಡುತ್ತಲೇ ಇದ್ದೆ. ಆಡಲಿಲ್ಲ. ಊಟಕ್ಕೆ ಕರೆದು ಮುದ್ದೆ ಬಡಿಸಿದಳು.

ನಾನು ತಟ್ಟೆ ತಳ್ಳಿ ಎದ್ದೆ.